ಮೇಲುಕೋಟೆ ದಾರಿಯಲ್ಲಿ ತೊಣ್ಣೂರು ಕೆರೆ: ಸೈಕಲ್ ಸವಾರರಿಗೆ

ಮೈಸೂರಿಂದ ಮೇಲುಕೋಟೆಗೆ ಸೈಕಲ್ ತುಳಿಯೋರು ಬೇಕಾದಷ್ಟು ಜನ ಇದ್ದಾರೆ. ಆದರೆ ತೊಣ್ಣೂರು ಕೆರೆ ಏರಿ ಮೇಲೆ ನಿಲ್ಲದೆ ಮುಂದೆ ಹೋದರೆ ಅರ್ಧ ಸವಾರಿ ಕಳಕೊಂಡ ಹಾಗೇ.

ಬೆಳಕು ಹರೀತಿದ್ದ ಹಾಗೆ ಹೊರಡಿ. ಶ್ರೀರಂಗಪಟ್ಟಣದವರೆಗೆ ಸರ್ವಿಸ್ ರಸ್ತೇಲೇ ಇರಿ. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ, ಸೈಕಲ್ಲು ಯಾವುದನ್ನೂ ಬಿಡಲ್ಲ.

ಪಾಂಡವಪುರದ ಕಡೆ ತಿರುಗಿದ ಮೇಲೆ ನೋಟವೇ ಬೇರೆ. ಕೆಆರ್‌ಎಸ್ ನೀರು ತರೋ ವಿಶ್ವೇಶ್ವರಯ್ಯ ನಾಲೆ, ಭತ್ತದ ಗದ್ದೆ, ಕಬ್ಬು, ಆಲೆಮನೆಯ ಬೆಲ್ಲದ ಘಮ. ನಾಲೆ ಪಕ್ಕ ಎಷ್ಟೋ ಕಡೆ ತಡೆಗೋಡೆ ಇಲ್ಲ. ಒಬ್ಬರ ಹಿಂದೊಬ್ಬರು ಹೋಗಿ.

ಸುಗ್ಗಿ ಕಾಲದಲ್ಲಿ ಇನ್ನೊಂದು ಎಚ್ಚರ. ರೈತರು ಹುರುಳಿ, ರಾಗಿ ತೆನೆಯನ್ನ ರಸ್ತೆ ಮೇಲೇ ಒಕ್ಕಣೆಗೆ ಹರಡಿರ್ತಾರೆ. ಹುರುಳಿ ಬಳ್ಳಿ ಚೈನಿಗೆ, ಹಿಂದಿನ ಗೇರಿಗೆ ಸುತ್ತಿಕೊಂಡರೆ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತೆ. ಇಳಿದು, ಸೈಕಲ್ ಎತ್ತಿಕೊಂಡು, ಅಂಚಿನಲ್ಲಿ ದಾಟಿ. ಆ ಕಾಳು ಒಂದು ಮನೆಯ ದುಡಿಮೆ, ತುಳೀಬೇಡಿ.

ಈಗ ಕೆರೆ. ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರು. ರಾಮಾನುಜಾಚಾರ್ಯರ ನೆನಪು ಬೆಸೆದುಕೊಂಡ ಜಾಗ ಇದು. ತಿರುಮಲಸಾಗರ ಅಂತಲೂ, ತಿಳಿನೀರಿಗಾಗಿ ಮೋತಿ ತಲಾಬ್ ಅಂತಲೂ ಕರೀತಾರೆ. ಊರೊಳಗೆ ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನ ಇದೆ, ಖಂಡಿತ ನೋಡಿ. ಕೆರೆ ಆಳ ಇದೆ, ಈಜೋಕೆ ಮಾತ್ರ ಇಳೀಬೇಡಿ.

ಇಲ್ಲೇ ಬಾಟಲಿ ತುಂಬಿಸಿಕೊಳ್ಳಿ. ಮೇಲುಕೋಟೆ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಕೊನೆಯ ಏರುದಾರಿಗೆ ಹಗುರ ಗೇರ್ ಹಾಕಿ, ಉಸಿರು ನೋಡಿಕೊಂಡು ಹತ್ತಿ. ಮೇಲೆ ಪುಳಿಯೋಗರೆ ಬಿಸಿಬಿಸಿ ಸಿಗುತ್ತೆ.