ದಿನದ ರೂಢಿ ಮನೆಗೆ, ವಾರದ ರೂಢಿ ಓಣಿಗೆ

ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ನಳದ ನೀರು ಬಂದ ದಿನ ಮನೆಯ ಯಾವ ಪಾತ್ರೆಯೂ ಬರಿದಾಗಿ ಉಳಿಯುವುದಿಲ್ಲ. ಹಂಡೆ, ಕೊಡ, ಪ್ಲಾಸ್ಟಿಕ್ ಬ್ಯಾರಲ್, ಅಂಗಳದ ಸಿಮೆಂಟ್ ಟಾಕಿ, ಮಾಳಿಗೆ ಮೇಲಿನ ಸಿಂಟೆಕ್ಸ್ ಎಲ್ಲವೂ ತುಂಬಬೇಕು, ಮತ್ತೆ ನೀರು ಯಾವಾಗ ಬಂದೀತೋ ಖಾತ್ರಿ ಇಲ್ಲ. 2016ರ ಏಪ್ರಿಲ್‌ನಲ್ಲಿ ಮಾಂಜ್ರಾ ಅಣೆಕಟ್ಟು ಬತ್ತಿದಾಗ ಜಿಲ್ಲಾ ಕೇಂದ್ರ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ಏಪ್ರಿಲ್ 12ರಂದು ಬಂದ ಮೊದಲ ಗಾಡಿಯ 10 ವ್ಯಾಗನ್‌ಗಳಲ್ಲಿ ಇದ್ದದ್ದು ಸುಮಾರು 5 ಲಕ್ಷ ಲೀಟರ್. ಅಂಥ ಬರ ಕಂಡವರಿಗೆ ನೀರು ತುಂಬಿಡಬೇಡಿ ಎಂದು ಯಾರೂ ಹೇಳಲಾರರು. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಹೀಗೆ ತುಂಬಿಟ್ಟ ತಿಳಿನೀರಿನ ಪಾತ್ರೆಗಳಲ್ಲೇ.

ಹಾಗಾದರೆ ಮಾಡುವುದೇನು? ಆರೋಗ್ಯದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎಲ್ಲ ಹೊರೆಯನ್ನೂ ಒಬ್ಬೊಬ್ಬರ ಮನಸ್ಸಿನ ಗಟ್ಟಿತನದ ಮೇಲೆ ಹೊರಿಸುತ್ತಾರೆ. ಕೈ ತೊಳೆಯಿರಿ, ಉಪ್ಪು ಕಡಿಮೆ ಮಾಡಿ, ಟಾಕಿ ತಿಕ್ಕಿ, ಮಾತ್ರೆ ನುಂಗಿ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಈ ಕೆಲಸಗಳು ಒಂದೇ ಜಾತಿಯವಲ್ಲ. ಕೆಲವು ದಿನಕ್ಕೆ ಹತ್ತು ಸಲ ಬರುತ್ತವೆ, ಕೆಲವು ವಾರಕ್ಕೊಮ್ಮೆ, ಕೆಲವು ವರ್ಷಕ್ಕೊಮ್ಮೆ. ಯಾವುದನ್ನು ಯಾರು ನೆನಪಿಡಬೇಕು ಎಂದು ಹಂಚಿಕೊಂಡ ಊರಿನಲ್ಲಿ ಮಾತ್ರ ರೂಢಿ ಉಳಿಯುತ್ತದೆ.

ರೂಢಿ ಕೂಡುವ ಬಗೆ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರಲ್ಲಿ 96 ಜನ ಪಾಲ್ಗೊಂಡಿದ್ದರು. ಊಟ, ಕುಡಿಯುವುದು ಅಥವಾ ವ್ಯಾಯಾಮಕ್ಕೆ ಸೇರಿದ ಒಂದು ಸಣ್ಣ ಕೆಲಸವನ್ನು ಆರಿಸಿಕೊಂಡು, ದಿನವೂ ಅದೇ ಸಂದರ್ಭದಲ್ಲಿ 12 ವಾರ ಮಾಡಿದರು. ಯೋಚನೆಯಿಲ್ಲದೆ ತಾನಾಗಿ ಆಗುವ ಮಟ್ಟ ಮುಟ್ಟಲು ಬೇಕಾದ ಮಧ್ಯದ ಅವಧಿ 66 ದಿನ. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾದೀತು ಎಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ.

ಇದರಿಂದ ತಿಳಿಯುವುದು ಎರಡು. ಹೊಸ ಕೆಲಸವನ್ನು ಈಗಾಗಲೇ ಇರುವ ಕೆಲಸದ ಬೆನ್ನಿಗೆ ಕಟ್ಟಬೇಕು. ಅದು ದಿನವೂ ಬರುವಂತಿರಬೇಕು. ವಾರಕ್ಕೊಮ್ಮೆ ಬರುವ ಕೆಲಸದ ಲೆಕ್ಕವೇ ಬೇರೆ. 66 ಸಲ ಮಾಡಲು ವರ್ಷ ದಾಟುತ್ತದೆ. ಅಷ್ಟರಲ್ಲಿ ರಾಶಿಯ ದಿನ, ಮದುವೆ, ಜಾತ್ರೆ ಬಂದು ಮರೆತೇ ಹೋಗುತ್ತದೆ. ಆದ್ದರಿಂದ ವಾರದ ಕೆಲಸವನ್ನು ಒಬ್ಬರ ನೆನಪಿಗೆ ಬಿಡಬಾರದು, ಅದನ್ನು ಓಣಿಯೇ ನೆನಪಿಸಬೇಕು.

ದಿನದ್ದು: ಸಾಬೂನು, ಒಗರಾಳೆ, ಉಪ್ಪಿನ ಪೊಟ್ಟಣ

ಕೈ ತೊಳೆಯುವುದಕ್ಕೆ ಹೊತ್ತು ಗೊತ್ತು ಮಾಡುವುದಕ್ಕಿಂತ ಸಾಬೂನಿನ ಜಾಗ ಗೊತ್ತು ಮಾಡುವುದು ಮೇಲು. ರೊಟ್ಟಿ ಹಿಟ್ಟು ನಾದುವ ಪರಾತದ ಪಕ್ಕ ಒಂದು ತುಂಡು, ಪಾಯಖಾನೆಯ ಬಾಗಿಲಲ್ಲಿ ಇನ್ನೊಂದು ತುಂಡು. ಕಣ್ಣಿಗೆ ಬಿದ್ದದ್ದು ಕೈಗೆ ಬರುತ್ತದೆ. ಬೆರಳ ಸಂದು, ಉಗುರಿನ ಬುಡ ಸೇರಿಸಿ 20 ಸೆಕೆಂಡು ತಿಕ್ಕಬೇಕು. ನೀರಿನ ಕೊರತೆ ಇದ್ದರೂ ತೊಂದರೆಯಿಲ್ಲ. ತಿಕ್ಕುವಾಗ ನೀರು ಹರಿಯಬೇಕಾಗಿಲ್ಲ, ತೋಯಿಸಲು ಮತ್ತು ತೊಳೆಯಲು ಒಂದು ತಂಬಿಗೆ ಸಾಕು.

ಕುಡಿಯುವ ನೀರಿನ ಕೊಡಕ್ಕೆ ಮುಚ್ಚಳ ಮತ್ತು ಉದ್ದ ಹಿಡಿಕೆಯ ಒಗರಾಳೆ ಇರಲಿ. ಊರ ಟಾಕಿಯಲ್ಲಿ ಶುದ್ಧವಾಗಿದ್ದ ನೀರು ಮನೆಯಲ್ಲಿ ಕೆಡುವುದು ಅನೇಕ ಸಲ ಗ್ಲಾಸಿನ ಜೊತೆ ಬೆರಳೂ ಕೊಡದೊಳಗೆ ಅದ್ದುವುದರಿಂದ. ಒಗರಾಳೆಯನ್ನು ಗೋಡೆಯ ಮೊಳೆಗೆ ತೂಗುಹಾಕಿದರೆ ಅದರ ಜಾಗವೇ ಮಕ್ಕಳಿಗೆ ಪಾಠ.

ಉಪ್ಪಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಸುಮಾರು ಒಂದು ಚಹಾ ಚಮಚ. ಒಲೆಯ ಮುಂದೆ ನಿಂತು ಗ್ರಾಂ ಅಳೆಯುವವರು ಯಾರು? ಬೇರೆ ದಾರಿ ಇದೆ. ಐವರು ದೊಡ್ಡವರಿರುವ ಮನೆಗೆ ದಿನಕ್ಕೆ 25 ಗ್ರಾಂ ಎಂದರೆ ಒಂದು ಕಿಲೋ ಉಪ್ಪಿನ ಪೊಟ್ಟಣ 40 ದಿನ ಬರಬೇಕು. ಪೊಟ್ಟಣ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 25 ದಿನಕ್ಕೇ ಖಾಲಿಯಾದರೆ ಉಪ್ಪಿನಕಾಯಿ, ಹಪ್ಪಳ, ಚಟ್ನಿಯ ಕಡೆ ಕಣ್ಣು ಹಾಯಿಸಬೇಕು. ಅಂಗಡಿಯ ಫರಸಾಣದಲ್ಲಿ ಬರುವ ಉಪ್ಪು ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ ಎಂಬುದೂ ನೆನಪಿರಲಿ. 30 ದಾಟಿದವರು ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಲು ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಈಗ ಹೆಸರಾಗಿರುವ ಉಪಕೇಂದ್ರದಲ್ಲಿ ದುಡ್ಡು ಕೊಡಬೇಕಾಗಿಲ್ಲ.

ಬಿಡಬೇಕಾದ ರೂಢಿಗೂ ಇದೇ ನಿಯಮ. ಬೆಳಿಗ್ಗೆ ಹಲ್ಲಿಗೆ ತಂಬಾಕಿನ ಮಿಶ್ರಿ ತಿಕ್ಕುವ ಹೆಂಗಸರಿಗೆ, ಹೊಲಕ್ಕೆ ಹೊರಡುವಾಗ ಅಂಗೈಯಲ್ಲಿ ತಂಬಾಕು, ಸುಣ್ಣ ತಿಕ್ಕುವ ಗಂಡಸರಿಗೆ ಆ ಹೊತ್ತೇ ಕರೆಗಂಟೆ. ಹೊತ್ತನ್ನು ಅಳಿಸಲಾಗದು, ಆ ಹೊತ್ತಿಗೆ ಬಾಯಿಗೆ ಬೇರೇನಾದರೂ ಸಿದ್ಧವಿರಬೇಕು. ಸೋಂಪು, ಹುರಿದ ಕಡಲೆ, ಏನಾದರೂ ಆದೀತು. ಬಿಡಲು ನೆರವು ಬೇಕಾದರೆ ತಂಬಾಕಿನ ಪೊಟ್ಟಣದ ಮೇಲೇ ಅಚ್ಚಾಗಿರುವ 1800-11-2356 ಸಂಖ್ಯೆಗೆ ಪುಕ್ಕಟೆಯಾಗಿ ಫೋನ್ ಮಾಡಬಹುದು.

ವಾರದ್ದು: ಒಣ ದಿನ

ಮಹಾರಾಷ್ಟ್ರದ ಆರೋಗ್ಯ ಇಲಾಖೆ ವಾರಕ್ಕೊಂದು 'ಕೋರಡಾ ದಿವಸ', ಅಂದರೆ ಒಣ ದಿನ, ಆಚರಿಸಿ ಎನ್ನುತ್ತದೆ. ಏಳು ದಿನಕ್ಕೊಮ್ಮೆಯೇ ಯಾಕೆ ಎಂಬುದಕ್ಕೆ ಉತ್ತರ ಸೊಳ್ಳೆಯ ಬದುಕಿನಲ್ಲಿದೆ. ಈಡಿಸ್ ಮೊಟ್ಟೆಯೊಡೆದು ಮರಿಯಾಗಿ, ಕೋಶವಾಗಿ, ರೆಕ್ಕೆ ಬಲಿತು ಹಾರಲು ಸುಮಾರು 8ರಿಂದ 10 ದಿನ ಹಿಡಿಯುತ್ತದೆ. ಬಿಸಿಲಿನ ದಿನಗಳಲ್ಲಿ ಇನ್ನೂ ಬೇಗ. ಅದು ಹಾರುವ ಮೊದಲೇ ಪಾತ್ರೆ ಬರಿದಾದರೆ ಸರಪಳಿ ಕಡಿಯುತ್ತದೆ.

ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ; ಮತ್ತೆ ನೀರು ತಾಗಿದ ಕೂಡಲೆ ಒಡೆಯುತ್ತದೆ. ಹಾಗಾಗಿ ಕಾಥಾ ಬ್ರಶ್ಶಿನಿಂದಲೋ ತೆಂಗಿನ ನಾರಿನಿಂದಲೋ ಒಳಗೋಡೆಯನ್ನು ಗಸಗಸ ತಿಕ್ಕಿ, ತೊಳೆದು, ಬಿಸಿಲಿಗೆ ಬೋರಲು ಹಾಕಬೇಕು. ಉಳಿದ ನೀರನ್ನು ಚೆಲ್ಲಬೇಕಾಗಿಲ್ಲ. ಅರಿವೆಯಿಂದ ಸೋಸಿ ಬೇರೆ ಪಾತ್ರೆಗೆ ಹಾಕಿ, ದನಕ್ಕೆ, ಗಿಡಕ್ಕೆ, ಬಟ್ಟೆಗೆ ಬಳಸಿ. ನಳ ಬರುವ ಹಿಂದಿನ ದಿನವನ್ನೇ ಒಣ ದಿನ ಮಾಡಿಕೊಂಡರೆ ಪಾತ್ರೆಗಳು ಹೇಗೂ ತಳ ಕಂಡಿರುತ್ತವೆ. ನಳ ಹತ್ತು ದಿನಕ್ಕೊಮ್ಮೆ ಬರುವ ಊರಾದರೆ ನೀರಿನ ದಿನ ಕಾಯಬೇಡಿ, ನಡುವೆ ಒಂದು ದಿನ ಪಾತ್ರೆ ಬದಲಿಸಿ ತಿಕ್ಕಿ.

ಮರೆಯುವ ಜಾಗಗಳೇ ಹೆಚ್ಚು. ಬೇಸಿಗೆ ಮುಗಿದ ಮೇಲೆ ಮೂಲೆಗೆ ಸರಿಸಿದ ಕೂಲರಿನ ತಳ, ಫ್ರಿಜ್‌ನ ಹಿಂದಿನ ತಟ್ಟೆ, ಕೋಳಿಗೆ ನೀರಿಡುವ ಬೋಗುಣಿ, ಮಾಳಿಗೆ ಮೇಲೆಸೆದ ಟೈರು, ಅರ್ಧ ಮುಚ್ಚಿದ ಸಿಂಟೆಕ್ಸ್. ಬರಿದು ಮಾಡಲಾಗದ ದೊಡ್ಡ ಟಾಕಿಗೆ ಬಿಗಿ ಮುಚ್ಚಳ ಬೇಕು, ಅಥವಾ ಮೇಲೆ ಬಟ್ಟೆ ಕಟ್ಟಬೇಕು. ದನದ ದೊಡ್ಡ ತೊಟ್ಟಿಗೆ, ಬಳಸದ ಬಾವಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದವರು ಗಪ್ಪಿ ಮೀನು ಕೊಡುತ್ತಾರೆ. ಅವು ಸೊಳ್ಳೆ ಮರಿ ತಿನ್ನುತ್ತವೆ. ಹಳ್ಳ, ಕೆರೆಗೆ ಮಾತ್ರ ಆ ಮೀನು ಬಿಡಬೇಡಿ, ಅಲ್ಲಿನ ನಾಡಮೀನಿಗೆ ಕುತ್ತು.

ಈಗ ಓಣಿಯ ಪಾತ್ರ. ಈಡಿಸ್ ದೂರ ಹಾರುವ ಸೊಳ್ಳೆಯಲ್ಲ. ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ನೂರಿನ್ನೂರು ಮೀಟರಿನೊಳಗೇ ಸುತ್ತುತ್ತದೆ. ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದೋ ಆಚೆ ಮನೆಯದೋ ಆಗಿರುತ್ತದೆ. ನೀವೊಬ್ಬರೇ ಸೋಮವಾರ ತಿಕ್ಕಿ, ನೆರೆಯವರು ತಿಕ್ಕದೇ ಇದ್ದರೆ ನಿಮ್ಮ ಶ್ರಮ ನೀರಲ್ಲಿ ಹೋಮ. ಇಡೀ ಓಣಿ ಒಂದೇ ದಿನ ತಿಕ್ಕಿದರೆ ಆ ನೂರಿನ್ನೂರು ಮೀಟರ್ ಖಾಲಿಯಾಗುತ್ತದೆ. ಅದಕ್ಕೇ ದಿನ ಗೊತ್ತು ಮಾಡುವ ಅಧಿಕಾರ ಓಣಿಗೆ ಇರಬೇಕು. ಸಂತೆಯ ಮರುದಿನ ಎಂದರೆ ಯಾರೂ ಮರೆಯುವುದಿಲ್ಲ. ಹಳ್ಳಿಯಲ್ಲಿ ಪಂಚಾಯತಿಯ ಮೈಕು, ಉದಗೀರದಂಥ ಪಟ್ಟಣದಲ್ಲಿ ಕಸ ಒಯ್ಯಲು ಬರುವ ಘಂಟಾಗಾಡಿ, ಶಾಲೆಯ ಪ್ರಾರ್ಥನೆಯ ಹೊತ್ತಿನ ಒಂದು ಮಾತು ನೆನಪಿಸುವ ಕೆಲಸ ಮಾಡಲಿ.

ಗುಣ ಕಂಡಿತೋ ಇಲ್ಲವೋ ಅಳೆಯಲು ಆರೋಗ್ಯ ಸಿಬ್ಬಂದಿಯ ಲೆಕ್ಕವನ್ನೇ ಊರೂ ಹಾಕಬಹುದು. ನೂರು ಮನೆ ನೋಡಿ, 12 ಮನೆಯಲ್ಲಿ ಮರಿ ಕಂಡರೆ ಮನೆಯ ಸೂಚ್ಯಂಕ 12. ಆ ನೂರು ಮನೆಗಳಲ್ಲಿ ಮರಿ ಇರುವ ಪಾತ್ರೆ ಒಟ್ಟು 20 ಇದ್ದರೆ ಬ್ರಟೋ ಸೂಚ್ಯಂಕ 20. ಟಾರ್ಚು ಹಿಡಿದ ಏಳನೆಯ ಇಯತ್ತೆಯ ಮಕ್ಕಳು ಅರ್ಧ ದಿನದಲ್ಲಿ ಎಣಿಸಿಬಿಡುತ್ತಾರೆ. ಆ ಅಂಕಿ ಪಂಚಾಯತಿಯ ಫಲಕದ ಮೇಲೆ ಬಿದ್ದರೆ ಮುಂದಿನ ವಾರ ಅದನ್ನು ಇಳಿಸುವ ಹುರುಪು ತಾನಾಗಿ ಬರುತ್ತದೆ.

ಟಿಸಿಎಲ್ ಪುಡಿಯ ಲೆಕ್ಕ

ಊರ ಟಾಕಿಗೆ ಬ್ಲೀಚಿಂಗ್ ಪುಡಿ, ಅಂದರೆ ಇಲ್ಲಿನವರ ಬಾಯಲ್ಲಿ ಟಿಸಿಎಲ್, ಹಾಕುವುದು ಪಂಚಾಯತಿಯ ನೀರು ಬಿಡುವವನ ಕೆಲಸ. ಆದರೆ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಕ್ಲೋರಿನ್ ಸುಮಾರು ಶೇ. 33 ಇರುವ ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ 2.5 ಗ್ರಾಂ; ಒಂದು ಲಕ್ಷ ಲೀಟರಿನ ಟಾಕಿಗೆ 250 ಗ್ರಾಂ. ದುಂಡನೆಯ ಬಾವಿಯಾದರೆ ಮೀಟರಿನಲ್ಲಿ ಅಳೆದ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, ಲೀಟರಿಗೆ ತರಲು 1,000ದಿಂದ ಗುಣಿಸಿ. 4 ಮೀಟರ್ ಅಡ್ಡಳತೆ, 3 ಮೀಟರ್ ನೀರು ಎಂದರೆ ಸುಮಾರು 37,700 ಲೀಟರ್. ಅದಕ್ಕೆ 95 ಗ್ರಾಂ ಸಾಕು.

ಪುಡಿಯನ್ನು ನೇರವಾಗಿ ಸುರಿಯಬಾರದು. ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಹಾಕಿ ಮೊದಲು ಹಿಟ್ಟಿನಂತೆ ಕಲಸಿ, ಮತ್ತೆ ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಾವಿಗೆ ಇಳಿಸಿ ಕದಡಬೇಕು. ಒಂದು ತಾಸಿನವರೆಗೆ ಆ ನೀರು ಬಳಸಬಾರದು. ಆಮೇಲೆ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ತಿಳಿಯಲು ಓಟಿ ಪರೀಕ್ಷೆ: ಪುಟ್ಟ ನಳಿಕೆಯ ನೀರಿಗೆ ದ್ರಾವಣದ ಹನಿ ಬಿಟ್ಟರೆ ಹಳದಿ ಬರಬೇಕು. ಕೊನೆಯ ಮನೆಯ ನಳದಲ್ಲೂ ಹಳದಿ ಬಂದರೆ ಮಾತ್ರ ಸರಿ. ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿಬಿಡಿ, ಕುಡಿಯುವಂತಿಲ್ಲ. ತೇವ, ಬೆಳಕು ತಾಗಿದ ಹಳೆಯ ಪುಡಿ ಸತ್ತ ಪುಡಿ; ಮುಚ್ಚಿದ ಡಬ್ಬದಲ್ಲಿ, ಕತ್ತಲಲ್ಲಿ ಇಡಬೇಕು. ವಾಸನೆ ಬರುತ್ತದೆಂದು ಕ್ಲೋರಿನ್ ಹಾಕಿದ ನೀರನ್ನು ದೂರುವವರಿದ್ದಾರೆ. ಕೊಡದಲ್ಲಿ ಕೆಲವು ತಾಸು ಇಟ್ಟರೆ ವಾಸನೆ ಇಳಿಯುತ್ತದೆ.

ರೂಢಿಯೇ ಬೇಡದಂತೆ ಮಾಡುವುದು

ಬಚ್ಚಲ ನೀರು ರಸ್ತೆಗೆ ಹರಿದು ನಿಂತಲ್ಲಿ ಕ್ಯೂಲೆಕ್ಸ್ ಸೊಳ್ಳೆ ಹುಟ್ಟುತ್ತದೆ. ಆನೆಕಾಲು ರೋಗ ಹರಡುವುದು ಅದೇ. ಚರಂಡಿಯನ್ನು ವಾರವಾರ ಎತ್ತಿಸುವುದಕ್ಕಿಂತ ನೀರೇ ಚರಂಡಿಗೆ ಹೋಗದಂತೆ ಮಾಡಿದರೆ ನೆನಪಿನ ಹಂಗೇ ಇಲ್ಲ. ಉದಗೀರದ ನೆರೆಯ ನಾಂದೇಡ್ ಜಿಲ್ಲೆಯ ಟೆಂಭುರ್ಣಿ ಗ್ರಾಮ ಮನೆಮನೆಗೆ ಇಂಗುಗುಂಡಿ ಮಾಡಿ ಹೆಸರಾಯಿತು. ಮುಂದೆ ಉದ್ಯೋಗ ಖಾತ್ರಿಯ ಹಣದಲ್ಲಿ ಆ ಜಿಲ್ಲೆಯ ಹಲವು ಹಳ್ಳಿಗಳು ಅದನ್ನೇ ಅನುಸರಿಸಿದವು.

ಸುಮಾರು ನಾಲ್ಕು ಅಡಿ ಉದ್ದ, ಅಗಲ, ಆಳದ ಗುಂಡಿ. ನಡುವೆ ತೂತುಗಳಿರುವ ಸಿಮೆಂಟಿನ ಪಾತ್ರೆ, ಅದರ ಸುತ್ತ ದಪ್ಪ ಕಲ್ಲು, ಮೇಲೆ ಮುಚ್ಚಳ. ಜಿಡ್ಡು, ಅನ್ನದ ಅಗುಳು ಪಾತ್ರೆಯ ತಳದಲ್ಲಿ ನಿಲ್ಲುತ್ತವೆ, ನೀರು ತೂತಿನಿಂದ ಕಲ್ಲಿಗೆ, ಕಲ್ಲಿನಿಂದ ನೆಲಕ್ಕೆ ಇಳಿಯುತ್ತದೆ. ನಮ್ಮ ಕಡೆ ಒಂದು ತೊಡಕಿದೆ. ಎರೆಮಣ್ಣು ನೀರನ್ನು ಬೇಗ ಇಂಗಿಸುವುದಿಲ್ಲ. ಎರೆ ದಾಟಿ ಕೆಳಗಿನ ಮುರುಮ ಸಿಗುವವರೆಗೆ ಅಗೆಯಬೇಕು. ಇಲ್ಲವಾದರೆ ಮೊದಲ ಮಳೆಗಾಲಕ್ಕೇ ಗುಂಡಿ ತುಂಬಿ ಕೂಡುತ್ತದೆ. ಬಾವಿ, ಬೋರಿನಿಂದ ಕನಿಷ್ಠ 10 ಮೀಟರ್ ದೂರವಿರಲಿ. ಪಾಯಖಾನೆಯ ನೀರು ಇದಕ್ಕೆ ಸೇರಕೂಡದು. ಹಿತ್ತಲಲ್ಲಿ ಜಾಗವಿದ್ದರೆ ಬಚ್ಚಲ ನೀರಿಗೆ ಬಾಳೆ, ನುಗ್ಗೆ, ಕರಿಬೇವು ಹಚ್ಚಿ. ಗಂಗಾಳಕ್ಕೆ ಪಲ್ಲೆಯೂ ಬರುತ್ತದೆ.

ವರ್ಷದ್ದು: ಗಡಿ ದಾಟುವ ಕಾರ್ಡು

ವರ್ಷಕ್ಕೊಮ್ಮೆ ಬರುವ ಕೆಲಸವನ್ನು ಮನೆಯಾಗಲಿ ಓಣಿಯಾಗಲಿ ನೆನಪಿಡುವುದು ಕಷ್ಟ, ಅದಕ್ಕೆ ಸರ್ಕಾರದ ಪಟ್ಟಿಯೇ ಬೇಕು. ಆನೆಕಾಲು ರೋಗದ ಮಾತ್ರೆ ಅಂಥದ್ದು. ಗುಳಿಗೆ ಹಂಚಲು ಬಂದವರ ಎದುರಿಗೇ, ಊಟವಾದ ಮೇಲೆ ನುಂಗಬೇಕು. ಆಮೇಲೆಂದು ಗೂಡಿನಲ್ಲಿಟ್ಟದ್ದು ಅಲ್ಲೇ ಉಳಿಯುತ್ತದೆ. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ಹಾಸಿಗೆ ಹಿಡಿದವರು ಅದನ್ನು ತೆಗೆದುಕೊಳ್ಳಬಾರದು.

ಮಕ್ಕಳ ಲಸಿಕೆಗೂ ಅಂಥ ಪಟ್ಟಿಯೇ ಬೇಕು, ಆದರೆ ಇಲ್ಲಿ ಗಡಿ ಅಡ್ಡ ಬರುತ್ತದೆ. 1956ರವರೆಗೆ ನಿಲಂಗಾ, ಉದಗೀರ ಎರಡೂ ಬೀದರ್ ಜಿಲ್ಲೆಯವೇ. ಜಿಲ್ಲೆ ಬದಲಾದರೂ ಬೀಗತನ ಬದಲಾಗಲಿಲ್ಲ. ಗಡಿಯಾಚೆ ಕರ್ನಾಟಕದ ಭಾಲ್ಕಿ, ಔರಾದ, ಬಸವಕಲ್ಯಾಣ, ಆಳಂದದ ಹೆಣ್ಣುಮಕ್ಕಳು ಈಗಲೂ ಇಲ್ಲಿಗೆ ಸೊಸೆಯಾಗಿ ಬರುತ್ತಾರೆ, ಬಾಣಂತನಕ್ಕೆ ತವರಿಗೆ ಹೋಗುತ್ತಾರೆ. ಲಸಿಕೆ ತಪ್ಪುವ ಭಯ ಇರುವುದು ಇಲ್ಲೇ. ಹುಟ್ಟಿದಾಗ, ನಂತರ 6, 10, 14ನೇ ವಾರ, 9 ತಿಂಗಳು ತುಂಬಿದ ಮೇಲೆ, 16ರಿಂದ 24 ತಿಂಗಳೊಳಗೆ ಕೊಡುವ ಈ ವೇಳಾಪಟ್ಟಿ ಎರಡೂ ರಾಜ್ಯಕ್ಕೆ ಒಂದೇ. ತಾಯಿ-ಮಗುವಿನ ಕಾರ್ಡು ಮರಾಠಿಯಲ್ಲಿದ್ದರೂ ಕರ್ನಾಟಕದ ನರ್ಸಮ್ಮ ದಿನಾಂಕ ಓದಿ ಲಸಿಕೆ ಹಾಕಬಲ್ಲರು. ಬಟ್ಟೆಯ ಗಂಟಿಗಿಂತ ಮೊದಲು ಕಾರ್ಡು ಚೀಲ ಸೇರಬೇಕು, ಹೊರಡುವ ಮುನ್ನ ಆಶಾ ಕಾರ್ಯಕರ್ತೆಗೆ ಹೇಳಿ ಹೋಗಬೇಕು.

ಎಲ್ಲಿಂದ ಹಿಡಿಯುವುದು

ಎಲ್ಲವನ್ನೂ ಒಮ್ಮೆಗೇ ಹಿಡಿದರೆ ಯಾವುದೂ ನಿಲ್ಲುವುದಿಲ್ಲ. ಮನೆಯವರು ಒಂದೇ ಒಂದು ದಿನದ ರೂಢಿ ಆರಿಸಿ ಎರಡು ತಿಂಗಳು ನಡೆಸಲಿ. ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಲಿ. ಓಣಿ ಒಂದು ಒಣ ದಿನ ಗೊತ್ತುಮಾಡಲಿ. ಊರಲ್ಲಿ ಗ್ರಾಮ ಆರೋಗ್ಯ ಸಮಿತಿ ಇದ್ದೇ ಇದೆ, ಅದಕ್ಕೆ ಊರಿನ ಅಗತ್ಯ ನೋಡಿ ಖರ್ಚು ಮಾಡಲು ಸಣ್ಣ ನಿಧಿಯೂ ಬರುತ್ತದೆ. ಟಾರ್ಚು, ಬ್ರಶ್ಶು, ಓಟಿ ದ್ರಾವಣ ಕೊಳ್ಳಲು ಅಷ್ಟು ಸಾಕು. ಸಮಿತಿಯ ಮುಂದಿನ ಸಭೆ ಯಾವಾಗ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮರಾಠಿ ಬಾರದ ಹಿರಿಯ ಹೆಂಗಸರಿಗೆ ಕನ್ನಡದಲ್ಲೂ ಹೇಳಿ ಎಂದು ಅಲ್ಲಿ ಒತ್ತಾಯಿಸಿ, ನೂರು ಮನೆಯ ಮೊದಲ ಎಣಿಕೆಗೆ ತಾರೀಖು ಬರೆಸಿಕೊಂಡು ಬನ್ನಿ.