ಮಳೆ ಹಿಡಿಯುವ ಮುನ್ನ ಮನೆಮುಂದಿನ ಬೀದಿ

ಸಕಲೇಶಪುರದ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ಗದ್ದೆ-ತೋಟದ ಮಾತೇ ಮಾತು. ಕಾಫಿಗೆ ಕೊಳೆರೋಗ ಬಂತೇ, ಮೆಣಸಿನ ಬಳ್ಳಿ ಉಳಿಯಿತೇ, ಹೇಮಾವತಿ ಎಷ್ಟು ಏರಿದಳು ಎಂದು ಒಬ್ಬರನ್ನೊಬ್ಬರು ವಿಚಾರಿಸುತ್ತೇವೆ. ಗೇಟು ದಾಟಿದೊಡನೆ ಸಿಗುವ ಬೀದಿಯ ಯೋಚನೆ ಮಾತ್ರ, ಯಾರಾದರೂ ಜಾರಿ ಬೀಳುವ ತನಕ, ಯಾರಿಗೂ ಬರುವುದಿಲ್ಲ.

ನನಗೂ ಬಂದಿರಲಿಲ್ಲ. ಕೆಲವು ವರ್ಷಗಳ ಹಿಂದೆ ಮನೆಗೊಂದು ಕೋಣೆ ಸೇರಿಸಲು ಮರಳು ತರಿಸಿ ರಸ್ತೆ ಬದಿಯಲ್ಲೇ ಸುರಿಸಿದ್ದೆ. ಕೆಲಸ ತಡವಾಯಿತು, ಮಳೆ ತಡವಾಗಲಿಲ್ಲ. ಒಂದೇ ರಾತ್ರಿಯಲ್ಲಿ ಅರ್ಧ ರಾಶಿ ಚರಂಡಿಗಿಳಿದು, ನಾಲ್ಕು ಮನೆ ಕೆಳಗಿನ ಮೋರಿಯಲ್ಲಿ ಕಟ್ಟಿಕೊಂಡಿತು. ಬೆಳಿಗ್ಗೆ ನೋಡಿದರೆ ಚರಂಡಿ ಎಲ್ಲಿ, ರಸ್ತೆ ಎಲ್ಲಿ ಎಂಬುದೇ ತಿಳಿಯದಂತೆ ಕೆಂಪು ನೀರು. ಶಾಲೆಗೆ ಹೊರಟ ಹುಡುಗಿಯೊಬ್ಬಳು ಚಪ್ಪಡಿ ಇಲ್ಲದ ಕಡೆ ಕಾಲಿಟ್ಟು ಸೊಂಟದವರೆಗೆ ಇಳಿದುಬಿಟ್ಟಳು. ಹಿಂದೆ ಬರುತ್ತಿದ್ದ ಹಾಲಿನವರು ಬ್ಯಾಗು ಹಿಡಿದು ಎಳೆದುಕೊಂಡರು. ವಿಜ್ಞಾನದ ಮೇಷ್ಟರ ಮರಳು! ಆ ವಾರವೆಲ್ಲ ನಾನು ತಲೆಯೆತ್ತಿ ಓಡಾಡಲಿಲ್ಲ.

ಲೆಕ್ಕ ಕಷ್ಟದ್ದಲ್ಲ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ಪುಷ್ಯ ಮಳೆಯಲ್ಲಿ ಒಂದು ಹಗಲು-ರಾತ್ರಿಗೆ ಇಷ್ಟು ಬೀಳುವುದು ಘಟ್ಟದಂಚಿನವರಿಗೆ ಹೊಸದಲ್ಲ. ಇಪ್ಪತ್ತು ಮನೆಗಳ ಬೀದಿಯಾದರೆ ಮಾಡುಗಳಿಂದಲೇ ಎರಡು ಲಕ್ಷ ಲೀಟರ್, ಅಂದರೆ 200 ಟನ್ ತೂಕದ ನೀರು. ಅದರ ವೇಗ ಎರಡರಷ್ಟಾದರೆ ನೂಕುವ ಬಲ ನಾಲ್ಕರಷ್ಟಾಗುತ್ತದೆ. ಇಳಿಜಾರಿನ ಬೀದಿಯಲ್ಲಿ ಮೊಣಕಾಲುದ್ದದ ನೀರು ದೊಡ್ಡವರನ್ನೂ ಕೆಡವೀತು.

ಆದ್ದರಿಂದ ಮೋರಿಯ ಬಾಯಿ ಬಿಡಿಸುವ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು. ಸೋಗೆ, ಎಲೆ, ಹಾಲಿನ ಕವರು, ಗುಟ್ಕಾ ಚೀಟಿ, ಎಲ್ಲವೂ ಅಲ್ಲಿರುತ್ತವೆ. ಎತ್ತಿದ ಹೂಳನ್ನು ಚರಂಡಿಯ ಪಕ್ಕದಲ್ಲೇ ರಾಶಿ ಹಾಕಿ ಹೋಗುವುದು ನಮ್ಮಲ್ಲಿ ಸಂಪ್ರದಾಯವೇ ಆಗಿದೆ. ಮೊದಲ ಮಳೆಗೇ ಅದು ಸ್ವಸ್ಥಾನ ಸೇರುತ್ತದೆ. ಮಳೆ ಸುರಿಯುವಾಗ ಮಾತ್ರ ಮೋರಿಗಿಳಿದು ಕೈಯಿಂದ ಕಸ ಎಳೆಯಬಾರದು. ತಡೆ ಬಿಟ್ಟ ಕ್ಷಣದಲ್ಲಿ ನೀರಿನ ಸೆಳೆತ ಮನುಷ್ಯನನ್ನೂ ಒಯ್ಯುತ್ತದೆ.

ಇನ್ನು ಪಾಚಿ. ಸಿಮೆಂಟಿನ ಮೆಟ್ಟಿಲ ಮೇಲೆ ಹಸಿರು ಪೊರೆ ಕಟ್ಟಿತೆಂದರೆ ಘರ್ಷಣೆ ತಗ್ಗಿ, ವಯಸ್ಸಾದವರ ಸೊಂಟದ ಮೂಳೆ ಮುರಿಯಲು ಒಂದು ಹೆಜ್ಜೆ ಸಾಕು. ಹಿರಿಯರು ಅಂಗಳಕ್ಕೆ ಅಡಿಕೆ ಸೋಗೆ ಹಾಸುತ್ತಿದ್ದುದು ಸುಮ್ಮನಲ್ಲ. ಬ್ಲೀಚಿಂಗ್ ಪುಡಿ ಹಾಕಿ ಬಿರುಸು ಪೊರಕೆಯಿಂದ ಉಜ್ಜಿದರೂ ಆಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಘರ್ಷಣೆ ಹೆಚ್ಚಲೆಂದು ರಸ್ತೆಗೆ ಮರಳು ಎರಚುತ್ತಾರೆ. ಉಪ್ಪು ಎರಚಿ, ನೀರು ಹೆಪ್ಪುಗಟ್ಟುವ ಉಷ್ಣತೆಯನ್ನೇ ತಗ್ಗಿಸುತ್ತಾರೆ. ನ್ಯೂಯಾರ್ಕಿನಲ್ಲಿ ಮನೆಯೆದುರಿನ ಕಾಲುದಾರಿಯ ಹಿಮ ತೆಗೆಸುವುದು ಮನೆಯ ಮಾಲೀಕನ ಹೊಣೆ, ತಪ್ಪಿದರೆ ದಂಡ. ನಮ್ಮ ಚರಂಡಿಗಳಿಗೂ ಅಂಥ ಕಾನೂನು ಬಂದರೆ ಮೊದಲು ದಂಡ ಕಟ್ಟಬೇಕಾದವನು ನಾನೇ.

ತೋಟದಲ್ಲಿ ಮರಗಸಿ ಮಾಡಿಸುವವರು ಬೀದಿಗೆ ಬಾಗಿದ ಸಿಲ್ವರ್ ಓಕ್ ಕೊಂಬೆಗಳನ್ನೂ ಆಗಲೇ ಕಡಿಸಿಬಿಡಬೇಕು. ಗಾಳಿಗೆ ಅದು ಸುಲಭವಾಗಿ ಮುರಿಯುವ ಮರ. ತಂತಿ ಹರಿದು ಬಿದ್ದರೆ ಕರೆಂಟು ಹೋಗಿದೆಯೆಂದು ನಂಬಿ ಹತ್ತಿರ ಹೋಗುವುದು ಬೇಡ. ಒದ್ದೆ ನೆಲದಲ್ಲೂ ವಿದ್ಯುತ್ ಹರಿಯುತ್ತದೆ. ದೂರ ನಿಂತು 1912ಕ್ಕೆ ಫೋನು ಮಾಡಬೇಕು.

2021ರ ಜುಲೈನಲ್ಲಿ ದೋಣಿಗಾಲ್ ಬಳಿ ಹೆದ್ದಾರಿಯೇ ಕುಸಿದಿದ್ದನ್ನು ನಾವೆಲ್ಲ ಕಂಡೆವು. ಆಲೂರು ಕಡೆಯ ಇಳಿಜಾರುಗಳಲ್ಲೂ ಈಗ ಸೈಟಿಗಾಗಿ ದರೆಯನ್ನು ಗೋಡೆಯಂತೆ ನೆಟ್ಟಗೆ ಕಡಿಯುತ್ತಿದ್ದಾರೆ. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಕಣಗಳ ಹಿಡಿತವೂ ಸಡಿಲುತ್ತದೆ. ದರೆಯ ಮೇಲೆ ಹೊಸ ಬಿರುಕು, ವಾಲಿದ ಕಂಬ, ಒಮ್ಮೆಲೇ ಕದಡಿ ಬರುವ ಒರತೆ ಕಂಡರೆ ಮಕ್ಕಳನ್ನು ಆ ದಾರಿಯಲ್ಲಿ ಕಳಿಸಬಾರದು. ದರೆಯ ಬುಡದಲ್ಲೇ ಮನೆಯಿದ್ದರೆ ರಾತ್ರಿ ಅಲ್ಲಿ ಮಲಗಲೂಬಾರದು.

ನಮ್ಮ ಬೀದಿಯಲ್ಲಿ ಇಲ್ಲದಿದ್ದ ಆ ಚಪ್ಪಡಿಯನ್ನು ಮುಂದಿನ ಮಳೆಗಾಲದೊಳಗೆ ನಾನೇ ಹಾಕಿಸಿದೆ. ಉಳಿದಿದ್ದ ಅರ್ಧ ರಾಶಿ ಮರಳು ಅದಕ್ಕೆ ಸಾಕಾಯಿತು.