ವೈದ್ಯರು ಲೋಕಕ್ಕೆ ಹೇಳಿದ ಮಾತು

ಎಂಟನೆಯ ಹೆನ್ರಿ ದೊರೆಯ ಕಾಲದಲ್ಲಿ, 1518ರಲ್ಲಿ, ಸ್ಥಾಪಿತವಾಗಿ ನಾಲ್ಕು ಶತಮಾನಗಳಿಗೂ ಮಿಗಿಲಾದ ಅವಧಿಯನ್ನು ಬಹುಮಟ್ಟಿಗೆ ವೃತ್ತಿಬಾಂಧವರೊಡನೆಯೇ ಸಂಭಾಷಿಸುತ್ತ ಕಳೆದಿದ್ದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯಸಂಸ್ಥೆಯು, 1962ರ ಮಾರ್ಚ್ 7ರಂದು, ತನ್ನ ಇತಿಹಾಸದಲ್ಲಿಯೇ ಮೊತ್ತಮೊದಲನೆಯದಾದ ಪತ್ರಿಕಾಗೋಷ್ಠಿಯನ್ನು ಕರೆದು, ಧೂಮಪಾನ ಮತ್ತು ಆರೋಗ್ಯವನ್ನು ಕುರಿತ ಒಂದು ಪುಸ್ತಿಕೆಯನ್ನು ಸಾರ್ವಜನಿಕರ ಕೈಗಿತ್ತಿತು. ಆ ಪುಸ್ತಿಕೆಯಲ್ಲಿ ವಿಜ್ಞಾನಿಗಳಿಗೆ ಹೊಸದೆನಿಸುವಂಥದು ಹೆಚ್ಚೇನೂ ಇರಲಿಲ್ಲ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧ ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿ ಆ ವೇಳೆಗೆ ಹನ್ನೆರಡು ವರ್ಷಗಳೇ ಸಂದಿದ್ದುವು. ಹನ್ನೆರಡು ವರ್ಷ ವೈದ್ಯರು ಬಲ್ಲುದನ್ನು ಜನ ಅರಿಯದೆ ಉಳಿದುದು ಹೇಗೆ, ಆ ಮೌನ ಮುರಿದುದು ಯಾರಿಂದ ಎಂಬುದು ಇಲ್ಲಿ ಹೇಳಬೇಕಾಗಿರುವ ಕಥೆ.

ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಬ್ರಿಟನ್ನಿನ ಗಂಡಸರಲ್ಲಿ ಐವರಿಗೆ ನಾಲ್ವರು ಒಂದಲ್ಲ ಒಂದು ಬಗೆಯಲ್ಲಿ ಹೊಗೆ ಸೇದುತ್ತಿದ್ದರು. ವೈದ್ಯರೂ ಇದಕ್ಕೆ ಹೊರತಾಗಿರಲಿಲ್ಲ. ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಏಕೆ ಹೀಗೆ ಏರುತ್ತಿದೆಯೆಂದು ಶೋಧಿಸಹೊರಟ ರಿಚರ್ಡ್ ಡಾಲ್ ಎಂಬ ಯುವ ವೈದ್ಯನೂ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞನೂ ಮೊದಲು ಸಿಗರೇಟನ್ನು ಅಷ್ಟಾಗಿ ಶಂಕಿಸಿರಲಿಲ್ಲ. ಡಾಲರ ಸಂದೇಹವೆಲ್ಲ ರಸ್ತೆಗೆ ಹಾಕುವ ಟಾರಿನ ಮೇಲೆಯೂ ಮೋಟಾರುಗಳ ಹೊಗೆಯ ಮೇಲೆಯೂ ಇತ್ತು. ಲಂಡನ್ನಿನ ಇಪ್ಪತ್ತು ಆಸ್ಪತ್ರೆಗಳಲ್ಲಿ ಈ ಕಾಯಿಲೆಯಿಂದ ನರಳುತ್ತಿದ್ದ 709 ರೋಗಿಗಳನ್ನೂ, ಬೇರೆ ಬೇರೆ ಕಾಯಿಲೆಗಳಿಂದ ಮಲಗಿದ್ದ ಅಷ್ಟೇ ಮಂದಿಯನ್ನೂ ಪ್ರಶ್ನಿಸಿ, ಉತ್ತರಗಳನ್ನು ಹೋಲಿಸಿ ನೋಡಿದಾಗ, ಕ್ಯಾನ್ಸರ್ ಪೀಡಿತರಾದ 649 ಗಂಡಸರಲ್ಲಿ ಧೂಮಪಾನ ಮಾಡದವರು ಇಬ್ಬರೇ ಇಬ್ಬರೆಂದು ತಿಳಿದುಬಂತು. ಶೋಧನೆ ಮುಗಿಯುವ ಮೊದಲೇ ಡಾಲ್ ಸಿಗರೇಟನ್ನು ತ್ಯಜಿಸಿದರು. 1950ರ ಸೆಪ್ಟೆಂಬರಿನಲ್ಲಿ ಅವರ ಲೇಖನ ಪ್ರಕಟವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಂ ಎಂಬಿಬ್ಬರು ಇಂಥದೇ ಫಲಿತಾಂಶವನ್ನು ಮುಂದಿಟ್ಟಿದ್ದರು. ಮರುವರ್ಷ ಡಾಲ್ ಮತ್ತು ಹಿಲ್ ಬ್ರಿಟನ್ನಿನ ವೈದ್ಯರಿಗೇ ಅವರವರ ಧೂಮಪಾನದ ಅಭ್ಯಾಸವನ್ನು ಕೇಳಿ ಪತ್ರ ಬರೆದರು. ನಲವತ್ತು ಸಾವಿರಕ್ಕೂ ಮಿಕ್ಕಿ ಉತ್ತರಗಳು ಬಂದುವು. ಹೆಚ್ಚು ಸೇದುವ ವೈದ್ಯರೇ ಶ್ವಾಸಕೋಶದ ಕ್ಯಾನ್ಸರಿಗೆ ಹೆಚ್ಚಾಗಿ ಬಲಿಯಾಗುತ್ತಿರುವರೆಂಬುದು 1954ರ ವೇಳೆಗೆ ಸ್ಪಷ್ಟವಾಯಿತು.

ಆದರೂ ಸರ್ಕಾರ ಅಳುಕಿತು. ತಂಬಾಕಿನ ಸುಂಕದಿಂದ ಬೊಕ್ಕಸಕ್ಕೆ ಬರುತ್ತಿದ್ದ ಆದಾಯ ಅಲ್ಪವಾಗಿರಲಿಲ್ಲ. 1954ರ ಫೆಬ್ರವರಿಯಲ್ಲಿ ಈ ಸಂಬಂಧವನ್ನು ಒಪ್ಪಿಕೊಂಡು ಹೇಳಿಕೆ ನೀಡಿದ ಆರೋಗ್ಯಸಚಿವ ಇಯಾನ್ ಮೆಕ್ಲಿಯಡ್ ಆ ಪತ್ರಿಕಾಗೋಷ್ಠಿಯುದ್ದಕ್ಕೂ ಒಂದಾದ ಮೇಲೊಂದು ಸಿಗರೇಟು ಸೇದುತ್ತಿದ್ದರು. ಸಂಶೋಧನೆಗೆಂದು ತಂಬಾಕು ಕಂಪನಿಗಳು ಕೊಡಮಾಡಿದ ಎರಡೂವರೆ ಲಕ್ಷ ಪೌಂಡುಗಳ ಸುದ್ದಿಯೂ ಅಂದೇ ಹೊರಬಿತ್ತು. ಸರ್ಕಾರದ ಅಳುಕಿಗಿಂತ ಖೇದಕರವಾದುದು ವೈದ್ಯಸಮುದಾಯದ ಮೌನ. ರೋಗಿಯ ಹಾಸಿಗೆಯ ಬಳಿ ಆಡಬೇಕಾದ ಮಾತನ್ನು ಬೀದಿಯಲ್ಲಿ ಆಡುವುದು ವೃತ್ತಿಧರ್ಮವಲ್ಲ, ಹೆಸರು ಹೇಳಿಕೊಂಡು ಸಾರ್ವಜನಿಕವಾಗಿ ಮಾತನಾಡುವುದು ಆತ್ಮಪ್ರಚಾರಕ್ಕೆ ಸಮಾನ ಎಂಬ ಭಾವನೆ ಅಂದು ಬಲವಾಗಿತ್ತು. ಯುದ್ಧಕಾಲದಲ್ಲಿ ಬಿಬಿಸಿಯ ಮೂಲಕ ಮನೆಮನೆಗೂ ಆಹಾರ ಆರೋಗ್ಯಗಳ ವಿವೇಕವನ್ನು ಸಲುಗೆಯ ಮಾತುಗಳಲ್ಲಿ ಮುಟ್ಟಿಸಿದ ಚಾರ್ಲ್ಸ್ ಹಿಲ್ ಅಂಥವರೂ 'ರೇಡಿಯೋ ಡಾಕ್ಟರ್' ಎಂಬ ಅನಾಮಧೇಯದಲ್ಲಿಯೇ ಮಾತನಾಡಬೇಕಾಗಿತ್ತು. ಧೂಮಪಾನದ ವಿಷಯದಲ್ಲಿ ಕಾಲೇಜು ಏನಾದರೂ ಹೇಳಬೇಕೆಂಬ ಸಲಹೆ 1956ರಲ್ಲಿ ಬಂದಾಗ ಅಂದಿನ ಅಧ್ಯಕ್ಷ ರಸೆಲ್ ಬ್ರೈನ್ ಅದನ್ನು ಪುರಸ್ಕರಿಸಲಿಲ್ಲ. ಅವರು ಪ್ರಸಿದ್ಧ ನರರೋಗತಜ್ಞರು, ಸಜ್ಜನರು; ಅವರ ನಿರಾಕರಣೆಯಲ್ಲಿ ದುರುದ್ದೇಶವನ್ನು ಕಾಣುವುದು ನ್ಯಾಯವಲ್ಲ. ಆದರೆ ಸಜ್ಜನರ ಸಂಕೋಚವೂ ಪ್ರಾಣಹಾನಿಗೆ ಎಡೆಗೊಡಬಲ್ಲುದು.

ಈ ಸಂಕೋಚವನ್ನು ಕಳಚಿದವರಲ್ಲಿ ಅಗ್ರಗಣ್ಯರು ಚಾರ್ಲ್ಸ್ ಫ್ಲೆಚರ್. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ, ನಂಜೇರಿ ಸಾವಿನ ಅಂಚಿನಲ್ಲಿದ್ದ ಪೊಲೀಸನೊಬ್ಬನಿಗೆ ಪೆನಿಸಿಲಿನ್ನಿನ ಸೂಜಿಮದ್ದನ್ನು ಚುಚ್ಚಿದ ಕೈ ಇವರದು. ಆತ ಚೇತರಿಸಿಕೊಳ್ಳುತ್ತ ಬಂದನು. ಆದರೆ ಇದ್ದ ಔಷಧವೆಲ್ಲ ಕೆಲವೇ ದಿನಗಳಲ್ಲಿ ಮುಗಿದು, ಅವನ ಮೂತ್ರದಿಂದ ಪೆನಿಸಿಲಿನ್ನನ್ನು ಮರಳಿ ಪಡೆದು ಕೊಟ್ಟರೂ ಸಾಲದೆ, ಮುಂದಿನ ತಿಂಗಳು ತೀರಿಕೊಂಡನು. ಆ ಬಳಿಕ ಫ್ಲೆಚರ್ ಕಾರ್ಡಿಫಿನಲ್ಲಿ ಕಲ್ಲಿದ್ದಲ ಗಣಿಗಾರರ ಪುಪ್ಪುಸಗಳನ್ನು ತಿನ್ನುವ ಧೂಳಿನ ಕಾಯಿಲೆಯನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಎದೆಯೊಳಗೆ ಒಮ್ಮೆ ಹಾಳಾದುದನ್ನು ಮತ್ತೆ ಸರಿಪಡಿಸುವುದು ಎಷ್ಟು ದುಸ್ಸಾಧ್ಯವೆಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ವಿರಳ; ತಡೆಗಟ್ಟಬಹುದಾದುದನ್ನು ಮುಂಚಿತವಾಗಿಯೇ ಜನಕ್ಕೆ ಹೇಳಬೇಕೆಂಬ ಅವರ ಹಟ ಅಲ್ಲಿಂದಲೇ ಬಂದಿರಬೇಕೆಂದು ನನ್ನ ಊಹೆ. 1958ರಲ್ಲಿ ಬಿಬಿಸಿ ದೂರದರ್ಶನವು ಆಸ್ಪತ್ರೆಗಳ ಒಳಗನ್ನು ತೋರಿಸುವ 'ಯುವರ್ ಲೈಫ್ ಇನ್ ದೇರ್ ಹ್ಯಾಂಡ್ಸ್' ಎಂಬ ಕಾರ್ಯಕ್ರಮವನ್ನು ಆರಂಭಿಸಿದಾಗ ಅದನ್ನು ನಡೆಸಿಕೊಟ್ಟವರು ಇವರೇ. ರೋಗಿಗಳು ಬೆದರಿಯಾರೆಂದು ವೈದ್ಯರ ಪತ್ರಿಕೆ ಆಕ್ಷೇಪಿಸಿತು, ಇವರು ಹಿಂಜರಿಯಲಿಲ್ಲ. ತನ್ನ ದೇಹದಲ್ಲಿ ನಡೆಯುವುದನ್ನು ತಿಳಿಯುವ ಅಧಿಕಾರ ರೋಗಿಗೆ ಉಂಟೆಂಬ ನಂಬಿಕೆಯಲ್ಲಿ ಅವರು ಕಡೆಯವರೆಗೂ ಅಚಲರಾಗಿದ್ದರು.

ಅಷ್ಟರಲ್ಲಿ ಕಾಲೇಜಿನ ಅಧ್ಯಕ್ಷಪದವಿ ರಾಬರ್ಟ್ ಪ್ಲ್ಯಾಟರಿಗೆ ಬಂದಿತ್ತು. ಆರೋಗ್ಯ ಇಲಾಖೆಯೊಳಗಿದ್ದುಕೊಂಡೇ ಇಲಾಖೆಯ ಜಾಡ್ಯಕ್ಕೆ ಬೇಸತ್ತಿದ್ದ ಜಾರ್ಜ್ ಗಾಡ್‌ಬರ್ ಎಂಬ ಹಿರಿಯ ವೈದ್ಯಾಧಿಕಾರಿಯೂ ಫ್ಲೆಚರರೂ ಒತ್ತಾಯಿಸಲಾಗಿ, 1959ರಲ್ಲಿ ಪ್ಲ್ಯಾಟರು ಸಮಿತಿಯೊಂದನ್ನು ನೇಮಿಸಿದರು. ಫ್ಲೆಚರ್ ಅದರ ಕಾರ್ಯದರ್ಶಿಗಳಾದರು. ವರದಿ ತಜ್ಞರ ಕಪಾಟಿನಲ್ಲಿ ಕೂರದೆ ಓದುಬಲ್ಲ ಯಾರ ಕೈಗಾದರೂ ಸಲ್ಲುವಂತಿರಬೇಕೆಂಬುದು ಅವರ ಸಂಕಲ್ಪ. ಅಂತೆಯೇ ವಾಕ್ಯಗಳು ಸರಳವಾದುವು, ಬೆಲೆ ಮಿತವಾಯಿತು, ಹತ್ತಾರು ಸಾವಿರ ಪ್ರತಿಗಳು ಖರ್ಚಾದುವು. ಸರ್ಕಾರ ಮಾಡಬೇಕಾದುದನ್ನೂ ವರದಿ ನೇರವಾಗಿ ಹೇಳಿತ್ತು: ಮಕ್ಕಳಿಗೆ ಮಾರಾಟವನ್ನೂ ಜಾಹೀರಾತನ್ನೂ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನೂ ನಿರ್ಬಂಧಿಸುವುದು, ಸುಂಕವನ್ನು ಹೆಚ್ಚಿಸುವುದು. 1965ರ ಆಗಸ್ಟ್ 1ರಿಂದ ಬ್ರಿಟನ್ನಿನ ದೂರದರ್ಶನದಲ್ಲಿ ಸಿಗರೇಟಿನ ಜಾಹೀರಾತು ನಿಂತಿತು. ಅಮೆರಿಕದಲ್ಲಿ ಸರ್ಜನ್ ಜನರಲ್ ಲೂಥರ್ ಟೆರಿ ನೇಮಿಸಿದ ಸಮಿತಿಯು ಏಳು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಪರಾಮರ್ಶಿಸಿ ಸಿದ್ಧಪಡಿಸಿದ ವರದಿ 1964ರ ಜನವರಿ 11ರಂದು ಹೊರಬಂದಿತು. ಆ ದಿನ ಶನಿವಾರ. ಷೇರುಪೇಟೆ ಮುಚ್ಚಿರಲೆಂದೂ ಭಾನುವಾರದ ಪತ್ರಿಕೆಗಳ ಮುಖಪುಟವೆಲ್ಲ ಇದಕ್ಕೇ ಸಲ್ಲಲೆಂದೂ ಆ ದಿನವನ್ನು ಆರಿಸಿಕೊಂಡಿದ್ದರು.

ನಮ್ಮ ಅಂಗಡಿಗಳ ಸಿಗರೇಟು ಪೊಟ್ಟಣಗಳ ಶೇಕಡಾ 85 ಭಾಗವನ್ನು ಆವರಿಸಿರುವ ಎಚ್ಚರಿಕೆಯ ಚಿತ್ರವೂ ಈ ಪರಂಪರೆಗೇ ಸೇರಿದ್ದು. ಆ ನಿಯಮವನ್ನು 2017ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚನ್ಯಾಯಾಲಯ ರದ್ದುಪಡಿಸಿತು. ಮರುತಿಂಗಳೇ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿದ್ದರಿಂದ ಚಿತ್ರ ಉಳಿದುಕೊಂಡಿತು.

1951ರಲ್ಲಿ ವೈದ್ಯರಿಗೆ ಪತ್ರ ಬರೆದು ಆರಂಭಿಸಿದ ಅಧ್ಯಯನವನ್ನು ಡಾಲ್ ಕೈಬಿಡಲಿಲ್ಲ; ಐವತ್ತು ವರ್ಷಗಳ ಫಲಿತಾಂಶವನ್ನು ಅವರೂ ಅವರ ಸಹೋದ್ಯೋಗಿಗಳೂ 2004ರಲ್ಲಿ ಪ್ರಕಟಿಸಿದರು. ಬಿಡದೆ ಸೇದುವವನು ಸರಾಸರಿ ಹತ್ತು ವರ್ಷಗಳ ಆಯುಷ್ಯವನ್ನು ಕಳೆದುಕೊಳ್ಳುತ್ತಾನೆ; ಅರವತ್ತರಲ್ಲಿ ಬಿಟ್ಟರೆ ಸುಮಾರು ಮೂರು, ಐವತ್ತರಲ್ಲಿ ಆರು, ನಲವತ್ತರಲ್ಲಿ ಒಂಬತ್ತು ವರ್ಷಗಳು ಅವನಿಗೆ ಮರಳಿ ದೊರೆಯುತ್ತವೆ; ಮೂವತ್ತರಲ್ಲಿ ಬಿಟ್ಟವನಿಗೆ ಹತ್ತೂ ಉಳಿಯುತ್ತವೆ. ಓದುಗರ ಮನೆಯಲ್ಲಿ ಸೇದುವವರಿದ್ದರೆ, ಅವರ ವಯಸ್ಸು ಎಷ್ಟೇ ಆಗಿರಲಿ, ಈ ಲೆಕ್ಕವನ್ನು ಅವರಿಗೆ ಓದಿ ಹೇಳಬೇಕೆಂದು ನನ್ನ ಪ್ರಾರ್ಥನೆ.